ಸೆರಗಿನಲ್ಲಿ ಒರೆಸಿದ ಡಾಲರ್

ಎದುರುಮನೆ ಮಾವನ ಬಲಗಣ್ಣಿನ ಸುತ್ತ ಸದಾ ಒಂದು ದುಂಡನೆಯ ಗುರುತು ಇರುತ್ತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿ ಅವರ ಹತ್ತಿರ ಇತ್ತು. ಬೆಳಗಿನ ಹೊತ್ತೆಲ್ಲ ಅದನ್ನು ಹಾಕಿಕೊಂಡೇ ಕೂತಿರುತ್ತಿದ್ದುದರಿಂದ ಅಂಚು ಚರ್ಮದಲ್ಲಿ ಊರಿಬಿಟ್ಟಿತ್ತು.

ಅವರು ನಮಗೆ ನೆಂಟರಲ್ಲ. ಐವತ್ತರ ದಶಕದ ಕೊನೆಯ ಜಯನಗರದಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿಯಲ್ಲಿ ದೀಪ ಕಾಣುತ್ತಿದ್ದುದು ನಾಲ್ಕೈದು ಮನೆಗಳಲ್ಲಿ ಮಾತ್ರ. ಹಾಗಿರುವಾಗ ಎದುರಿಗಿದ್ದವರು ತಾವಾಗಿಯೇ ಮಾವ ಆದರು. ಖಜಾನೆಯಲ್ಲಿ ಖೋಟಾ ನಾಣ್ಯ ಹೆಕ್ಕುವ ಶರಾಫರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆ ತುಂಬ ಇದ್ದದ್ದು ನಾಣ್ಯಗಳೇ.

ನಮ್ಮಪ್ಪ ಹೋದಮೇಲೆ ಅಮ್ಮ ಯಾವ ಕೆಲಸಕ್ಕೂ ಅವರನ್ನು ಕೇಳದೆ ಮುಂದುವರಿಯುತ್ತಿರಲಿಲ್ಲ. ಅಮ್ಮ ಒಬ್ಬಳೇ ಅಲ್ಲ, ಯಡಿಯೂರಿನಿಂದ, ಬನಶಂಕರಿ ಕಡೆಯ ಹಳ್ಳಿಗಳಿಂದ ಜನ ಹಳೆಯ ಕಾಸು ಹಿಡಿದುಕೊಂಡು ಬರುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ಪಾಯ ತೋಡುವಾಗ ಸಿಕ್ಕ ಹಳೆಗಾಲದ ಚಿನ್ನದ ಪುಟ್ಟ ನಾಣ್ಯವೊಂದನ್ನು ತಂದಳು. ಅದು ಏನೆಂದೇ ಅವಳಿಗೆ ಗೊತ್ತಿರಲಿಲ್ಲ. ಮಾವ ಅವಳನ್ನು ಕೂರಿಸಿ, ನೀರು ಕೊಟ್ಟು, ಇಷ್ಟಕ್ಕಿಂತ ಕಡಿಮೆಗೆ ಯಾರಿಗೂ ಕೊಡಬೇಡ ಎಂದು ಹೇಳಿ, ತಾವೇ ಬಸ್ಸಿನಲ್ಲಿ ಅವೆನ್ಯೂ ರಸ್ತೆಯ ಅಂಗಡಿಗೆ ಕರೆದುಕೊಂಡು ಹೋಗಿ ಮಾರಿಸಿದರು. ಸೊಪ್ಪಿನವಳು ಲೆಕ್ಕ ತಪ್ಪಿ ಕಡಿಮೆ ಕೇಳಿದರೂ ತಿದ್ದಿ ಹೆಚ್ಚು ಕೊಡುತ್ತಿದ್ದರು.

ನನಗೆ ನಾಣ್ಯ ನೋಡುವುದನ್ನು ಕಲಿಸಿದವರೂ ಅವರೇ. ಅಂಚಿನಲ್ಲಿ ಮಾತ್ರ ಹಿಡಿ ಎನ್ನುತ್ತಿದ್ದರು. ಎತ್ತರವಾಗಿ ಎದ್ದಿರುವ ಜಾಗವೇ ಮೊದಲು ಸವೆಯುತ್ತದೆ, ಕಣ್ಣು ಅಲ್ಲಿಗೆ ಹೋಗಲಿ. ಹೊಳಪಿಗೆ ಮರುಳಾಗಬೇಡ, ಉಜ್ಜಿ ಬೆಳಗಿಸಿದ ನಾಣ್ಯ ಚರ್ಮ ಸುಲಿದ ಹಾಗೆ, ಅದಕ್ಕೆ ಬೆಳ್ಳಿಯ ಬೆಲೆ ಬಿಟ್ಟು ಇನ್ನೇನೂ ಇಲ್ಲ.

"ಬೆಲೆ ನಾಣ್ಯದಲ್ಲಿರುತ್ತೆ ಮಗು, ತಂದವರ ಮುಖದಲ್ಲಲ್ಲ. ಮುಖ ನೋಡಿ ಬೆಲೆ ಹೇಳಬೇಡ," ಅಂದಿದ್ದರು.

ನಮ್ಮ ಮನೆಯಲ್ಲೂ ಒಂದು ನಾಣ್ಯವಿತ್ತು. ಯುದ್ಧದ ಕಾಲದಲ್ಲಿ ಅಪ್ಪ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಟೈಲರ್ ಆಗಿದ್ದಾಗ, ಊರಿಗೆ ಹೊರಟಿದ್ದ ಅಮೆರಿಕದ ಸೋಲ್ಜರ್ ಒಬ್ಬ ಕೋಟು ಸರಿಮಾಡಿಕೊಟ್ಟದ್ದಕ್ಕೆ ಕೊಟ್ಟ ಬೆಳ್ಳಿ ಡಾಲರ್. ಒಂದು ಕಡೆ ಹೆಂಗಸಿನ ಮುಖ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಹೆಂಗಸಿನ ಗದ್ದದ ಹತ್ತಿರ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಅದು ಮಗಳ ಓದಿಗೆ ಎಂದು ಅಪ್ಪ ಹೇಳಿದ್ದರಂತೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಸೇರುವ ಹೊತ್ತಿಗೆ ಅಮ್ಮ ಅದನ್ನು ಟ್ರಂಕಿನ ತಳದಿಂದ ತೆಗೆದು ಮಾವನ ಕೈಗೆ ಕೊಟ್ಟಳು.

ಅವರು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಬೆನ್ನು ನಮ್ಮ ಕಡೆಗಿತ್ತು. ಆಮೇಲೆ ತಿರುಗಿ, ಇದನ್ನು ಯಾವಾಗಲಾದರೂ ತೊಳೆದಿದ್ದಿರಾ ಎಂದು ಕೇಳಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡುವಾಗ ಸೆರಗಿನಲ್ಲಿ ಒಮ್ಮೆ ಒರೆಸಿದ್ದೆ ಎಂದಳು ಅಮ್ಮ.

"ಉಜ್ಜಿ ಕೆಡಿಸಿಬಿಟ್ರಲ್ಲ ತಾಯಿ," ಅಂದರು ಮಾವ.

ಅಮ್ಮನ ಮುಖ ಬಿಳಿಚಿಕೊಂಡಿತು. ಬೆಳ್ಳಿಯ ಬೆಲೆ ಆರು ರೂಪಾಯಿಯಷ್ಟು ಆಗಬಹುದು, ತಾವು ಹತ್ತು ಕೊಡುವುದಾಗಿ ಅವರು ಹೇಳಿದರು. ಅಮ್ಮ ಒಪ್ಪಿಕೊಂಡಳು. ನಾಣ್ಯವನ್ನು ನನ್ನ ಕೈಗೆ ಕೊಡಲಿಲ್ಲ. ನೋಡಬೇಕು ಎಂದು ನನಗೂ ಅನ್ನಿಸಲಿಲ್ಲ. ಅವರು ನೋಡಿದಮೇಲೆ ಇನ್ನೇನು ಉಳಿಯಿತು?

ಕಾಲೇಜಿನ ಮಾತು ಅಲ್ಲಿಗೆ ನಿಂತಿತು. ಮಾವನೇ ಶಿಫಾರಸು ಮಾಡಿ ಅವೆನ್ಯೂ ರಸ್ತೆಯ ಬೆಳ್ಳಿ ಅಂಗಡಿಯಲ್ಲಿ ನನಗೆ ಲೆಕ್ಕ ಬರೆಯುವ ಕೆಲಸ ಕೊಡಿಸಿದರು. ಅಮ್ಮ ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ಅಂದಿನಿಂದ ಅವಳು ದೇವರ ದೀಪಗಳನ್ನೂ ಉಜ್ಜುವುದಕ್ಕೆ ಅಂಜುತ್ತಿದ್ದಳು.

ಕೆಲವು ವರ್ಷಗಳ ನಂತರ ಊರಿನ ನಾಣ್ಯಸಂಗ್ರಾಹಕರು ಸೇರಿ ಒಂದು ಪ್ರದರ್ಶನ ಮಾಡಿದರು. ಅಂಗಡಿಯ ಯಜಮಾನರ ಜೊತೆ ನಾನೂ ಹೋಗಿದ್ದೆ. ಗಾಜಿನ ಪೆಟ್ಟಿಗೆಯೊಂದರ ನಡುವೆ ಕೆಂಪು ಮಖಮಲ್ಲಿನ ಮೇಲೆ ಆ ಹೆಂಗಸಿನ ಮುಖ. ಗದ್ದದ ಹತ್ತಿರ ಅದೇ ಕಚ್ಚು. ಪಕ್ಕದಲ್ಲಿದ್ದ ಮದ್ರಾಸಿನ ಒಬ್ಬ ಸಂಗ್ರಾಹಕ ಯಜಮಾನರಿಗೆ ಹೇಳುತ್ತಿದ್ದ: ಹದ್ದಿನ ಬಾಲದ ಕೆಳಗೆ ಎರಡು ಸಣ್ಣ ಅಕ್ಷರ ಇವೆ ನೋಡಿ, ಅಚ್ಚು ಹಾಕಿದ ಟಂಕಸಾಲೆಯ ಗುರುತು, ಅಲ್ಲಿಯದ್ದು ಸಿಗುವುದೇ ಅಪರೂಪ. ಅದರಲ್ಲೂ ಇದನ್ನು ಯಾರೂ ಒಂದು ಸಲವೂ ಉಜ್ಜಿಲ್ಲ. ಸಾವಿರ ರೂಪಾಯಿ ಕೊಡ್ತೀನಿ ಅಂದರೂ ಒಪ್ಪುತ್ತಿಲ್ಲ ಈ ಮುದುಕರು.

ನಾನು ಬಗ್ಗಿ ನೋಡಿದೆ. ಹದ್ದಿನ ಎದೆಯ ಒಂದೊಂದು ಗರಿಯೂ ಹಾಗೆಯೇ ಇತ್ತು. ನನಗೆ ಕಲಿಸಿದ್ದ ವಿದ್ಯೆಯಿಂದಲೇ ಅದು ನನಗೆ ಕಂಡಿತು.

ಮಾವ ಕಂಬದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಾನು ಪೆಟ್ಟಿಗೆಯ ಹತ್ತಿರ ನಿಂತದ್ದನ್ನು ನೋಡಿದ್ದರು. ಹತ್ತಿರ ಹೋದಾಗ, ನಾನು ಏನೂ ಕೇಳುವ ಮೊದಲೇ ಹೇಳಿದರು:

"ಕೈಗೆ ತಗೊಂಡ್ಮೇಲೆ ಬಿಡಕ್ಕಾಗ್ಲಿಲ್ಲ ಮಗು. ಎಷ್ಟು ಬೇಕೋ ಕೇಳು, ಕೊಡ್ತೀನಿ."

"ದುಡ್ಡು ಬೇಡ ಮಾವ. ಕಾಲೇಜಿನ ವಯಸ್ಸು ಹೋಯ್ತು. ಅಮ್ಮ ಅದನ್ನ ಕೆಡಿಸಲಿಲ್ಲ ಅಂತ ಅವಳ ಹತ್ರ ಬಂದು ಹೇಳಿ. ಅಷ್ಟು ಸಾಕು."

"ನಾಳೆ ಬರ್ತೀನಿ," ಅಂದರು.

ಬಂದರು ಕೂಡ. ಕಾಫಿ ಕುಡಿದರು. ಸೌತ್ ಎಂಡ್ ಕಡೆ ಏಳುತ್ತಿದ್ದ ಹೊಸ ಮನೆಗಳ ಮಾತಾಡಿದರು. ನಾನು ಬಾಗಿಲಿಗೆ ಒರಗಿ ಕಾಯುತ್ತ ನಿಂತಿದ್ದೆ. ಅಷ್ಟರಲ್ಲಿ ಅಮ್ಮನೇ, ತಾನು ಆ ಡಾಲರ್ ಕೆಡಿಸದಿದ್ದರೆ ಇವಳು ಇಷ್ಟು ಹೊತ್ತಿಗೆ ಮೇಡಂ ಆಗಿರುತ್ತಿದ್ದಳು ಎಂದು ಎಂದಿನಂತೆ ಕಣ್ಣೊರೆಸಿಕೊಂಡಳು. ಮಾವ ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ಲೋಟ ಕೆಳಗಿಟ್ಟರು.

"ಹೋಗ್ಲಿ ಬಿಡಿ ತಾಯಿ. ಗೊತ್ತಿಲ್ದೆ ಮಾಡಿದ್ದು," ಅಂದರು.

ಅವರು ಗೇಟು ದಾಟುವುದನ್ನೇ ಕಾಯುತ್ತಿದ್ದು ನಾನು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ನಂಬಲಿಲ್ಲ. ಪ್ರದರ್ಶನದಲ್ಲಿ ಇದ್ದದ್ದು ಬೇರೆ ಯಾವುದೋ ನಾಣ್ಯ ಇರಬೇಕು ಎಂದಳು. ಅಷ್ಟು ಉಪಕಾರ ಮಾಡಿದವರ ಮೇಲೆ ಹೀಗೆ ಹೇಳುವುದನ್ನು ಎಲ್ಲಿ ಕಲಿತೆ ಎಂದು ಗದರಿದಳು. ಸೆರಗಿನಲ್ಲಿ ಒರೆಸಿದ್ದು ಎಂದು ನೀನೇ ಹೇಳಿದ್ದೆಯಲ್ಲ ಎಂದು ನೆನಪಿಸಿದೆ.

"ಇಲ್ಲ ಕಣೆ. ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ನಂಗೆ ಚೆನ್ನಾಗಿ ಗ್ಯಾಪಕ ಇದೆ," ಅಂದಳು.

ಅವಳ ಕಣ್ಣಲ್ಲಿ ಅನುಮಾನವೇ ಇರಲಿಲ್ಲ.

ಆಮೇಲೆ ನಾನು ಮಾವನ ಜೊತೆ ಮಾತಾಡಲಿಲ್ಲ. ಅರವತ್ತರ ದಶಕ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರು ಕಲಿಸಿದ ವಿದ್ಯೆಯಿಂದಲೇ ನಾನು ಬದುಕು ನಡೆಸಿದ್ದೇನೆ. ಬೆಳ್ಳಿ ಕೈಗೆ ಬಂದರೆ ಇವತ್ತಿಗೂ ಬೆರಳು ತಾನಾಗಿ ಅಂಚಿಗೆ ಹೋಗುತ್ತದೆ. ಆ ಋಣ ಇಲ್ಲ ಎನ್ನಲಾರೆ, ತೀರಿಸಬೇಕು ಎಂದೂ ಅನ್ನಿಸುವುದಿಲ್ಲ.

ಅವರು ತೀರಿಕೊಂಡ ದಿನ ಅಲ್ಲಿಗೆ ಹೋಗದಿರಲು ನೋಡಿದೆ. ಅಮ್ಮ ಕೈ ಹಿಡಿದು ಎಳೆದುಕೊಂಡು ಹೋದಳು. ಹೆಣದ ತಲೆಯ ಹತ್ತಿರ ಕೂತು ಅತ್ತಳು. ಹೊರ ಊರಿನಿಂದ ಬಂದಿದ್ದ ಅವರ ಅಣ್ಣನ ಮಗನಿಗೆ ತನ್ನ ಪರಿಚಯ ಹೇಳಿಕೊಂಡಳು.

"ನಾನು ಕೆಡಿಸಿದ ನಾಣ್ಯಕ್ಕೂ ನಾಲ್ಕು ರೂಪಾಯಿ ಮೇಲೆ ಕೊಟ್ಟೋರಪ್ಪ ನಿಮ್ಮ ಚಿಕ್ಕಪ್ಪ. ಇಂಥೋರು ಇನ್ನೆಲ್ಲಿ ಸಿಗ್ತಾರೆ," ಅಂದಳು.

ಅವನು ಕೈಮುಗಿದ. ಅಮ್ಮ ನನ್ನ ಕಡೆ ತಿರುಗಿ, ನಮಸ್ಕಾರ ಮಾಡು ಅಂದಳು. ಅವಳು ನೋಡುತ್ತಿದ್ದಳಲ್ಲ, ಮಾಡಿದೆ.