ನಲವತ್ತೊಂದು ಉಲ್ಲೇಖಗಳ ಡಾಕ್ಟರಮ್ಮ

ಬೆಳಗಾಗುವ ಮೊದಲೇ ಡಾಕ್ಟರ್ ಕವನಾ ಹಂಡೆಗೆ ಉರಿ ಹಾಕಿ, ಗಂಡನ ಕಳೆದುಹೋದ ಕಾಲುಚೀಲ ಹುಡುಕಿ, ಅತ್ತೆ ಹೊನ್ನಮ್ಮನ ಬಿಪಿ ಮಾತ್ರೆ ತೆಗೆದಿಟ್ಟು, ರೊಟ್ಟಿ ತಟ್ಟುತ್ತಲೇ, ತನ್ನ ಸಂಶೋಧನಾ ಲೇಖನವನ್ನು ಜಗತ್ತಿನಲ್ಲಿ ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂದು ಮೂರು ಸಲ ಫೋನಿನಲ್ಲಿ ನೋಡಿರುತ್ತಾಳೆ. ಹಾಲು ಉಕ್ಕಿದರೆ ಉಕ್ಕಲಿ, ಆ ಸಂಖ್ಯೆ ಏರಬೇಕು. "ಇಂದ್ ಎಷ್ಟಾತ್?" ಎಂದು ಹೊನ್ನಮ್ಮ, ಹಸುವಿನ ಹಾಲಿನ ಲೆಕ್ಕ ವಿಚಾರಿಸುವವರಂತೆ ಕೇಳುತ್ತಾರೆ. "ನಲವತ್ತೊಂದು, ಅತ್ತೆ." "ಮೊನ್ನೆನೂ ಅಷ್ಟೇ ಅಲ್ಲಾ? ಹಿಂಡಿ ಹಾಕಿರೆ ಹಸುನಾದ್ರೂ ಜಾಸ್ತಿ ಕೊಡ್ತಿತ್ತ್." ಕಾಫಿ ತೋಟದ ಕೂಲಿಯವರ ಲೈನುಮನೆಗಳಲ್ಲಿ ಒಲೆ ಊದುವ ಹೆಂಗಸರ ಕೆಮ್ಮಿನ ಮೇಲೆ ಆ ಲೇಖನ, ಅದಕ್ಕಾಗಿ ಅವಳು ಎರಡು ವರ್ಷ ಜಿಗಣೆ ಕಚ್ಚಿಸಿಕೊಂಡು ತಿರುಗಿದ್ದಾಳೆ. ಮದುವೆಮನೆಯಲ್ಲಿ ವಧು ಕೆಮ್ಮಿದರೂ "ನಿಮ್ಮಲ್ಲಿ ಸೌದೆ ಒಲೆಯಾ?" ಎನ್ನುತ್ತಾಳೆ. ಒಮ್ಮೆ ಜಪಾನಿನವರು ಆ ಲೇಖನವನ್ನು ಉಲ್ಲೇಖಿಸಿದ ಸಾಲನ್ನು ಅತ್ತೆಗೆ ಓದಿ ಹೇಳಿದಳು: "ದೀಪಕ್ ಮತ್ತು ಇತರರು." "ದೀಪಕ್ ಯಾರ್?" "ನಮ್ಮ ವಿಭಾಗದ ಮುಖ್ಯಸ್ಥರು. ಅವರ ಹೆಸರು ಮೊದಲು ಹಾಕೋದು ನಮ್ಮಲ್ಲಿ ಪದ್ಧತಿ." "ಅವ್ರ್ ಲೈನಿಗೆ ಬಂದಿದ್ರಾ?" "ಒಂದಿನಾನೂ ಇಲ್ಲ." "ಹಂಗಾರೆ ನೀನ್ ಎಲ್ಲಿ?" "ಇತರರು ಅಂದ್ರೆ ನಾನೇ, ಅತ್ತೆ." ಐವತ್ತು ವರ್ಷ ಒಲೆ ಊದಿದ ಹೊನ್ನಮ್ಮ ಅಂದು ಮಾತ್ರ ತಮಾಷೆ ಮಾಡಲಿಲ್ಲ. ಇವತ್ತು ಎರಡನೆಯ ಲೇಖನ ಕಳಿಸಬೇಕು. "ಹೆಸರು ಎಂದಿನ ಹಾಗೇ ಹಾಕಿಬಿಡಮ್ಮ" ಎಂದಿದ್ದಾರೆ ಮುಖ್ಯಸ್ಥರು; ಅವಳ ಬಡ್ತಿಯ ಕಡತಕ್ಕೆ ಅವರ ಸಹಿ ಇನ್ನೂ ಬಿದ್ದಿಲ್ಲ. ಮನೆಯವರೆಲ್ಲ ಏಳುವ ಮೊದಲೇ, ಕಾವಲಿಯ ಮೇಲೆ ರೊಟ್ಟಿ ಸೀಯುತ್ತಿದ್ದರೂ ಲೆಕ್ಕಿಸದೆ, ಕವನಾ ಲೇಖಕರ ಪಟ್ಟಿಯಲ್ಲಿ ತನ್ನ ಹೆಸರನ್ನು ಮೇಲಕ್ಕೆಳೆದು ಮೊದಲಿಗೆ ಇಟ್ಟು, ಕಳುಹಿಸುವ ಗುಂಡಿ ಒತ್ತಿದಳು. ದೀಪಕ್ ಸರ್ ಇತರರಾದರು.