ಬೆಕ್ಕಿನ ಕಾವಲಿಗೆ ವೀಳ್ಯ

ನಮ್ಮನ್ನೇ ನಂಬಿಕೊಂಡ ಮೂಕಪ್ರಾಣಿಯನ್ನು ನಡುನೀರಿನಲ್ಲಿ ಕೈಬಿಡುವುದು ಮನುಷ್ಯಧರ್ಮವಲ್ಲ. ನನ್ನ ಮನೆಯಲ್ಲಿದ್ದ ಪ್ರಾಣಿ ಮೂಕವಾಗಿರಲಿಲ್ಲ, ನನ್ನನ್ನು ನಂಬಿಯೂ ಇರಲಿಲ್ಲ. ಬೆಳಗಿನ ಹಾಲು ತುಸು ತಡವಾದರೆ ರಾಜಾಜಿನಗರದ ಅರ್ಧ ಬ್ಲಾಕಿಗೆ ಕೇಳುವಂತೆ ಕೂಗುತ್ತಿತ್ತು. ಕುಡಿದಾದ ಮೇಲೆ ನಾನು ಯಾರೆಂದೇ ಗೊತ್ತಿಲ್ಲದ ಹಾಗೆ ಎದ್ದು ಹೋಗುತ್ತಿತ್ತು. ಆ ಬೆಕ್ಕಿಗೆ ಹೆಸರಿಟ್ಟಿರಲಿಲ್ಲ. ಕರೆದರೆ ಬಾರದ ಪ್ರಾಣಿಗೆ ಹೆಸರೇಕೆ?

ಇದು ಎಪ್ಪತ್ತರ ದಶಕದ ಮಾತು. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಮದುವೆಯಾಗಿರಲಿಲ್ಲ, ಅದರ ಅವಸರವೂ ಇರಲಿಲ್ಲ. ಒಂಟಿ ಹೆಂಗಸಿಗೆ ಮನೆ ಕೊಡುವವರು ಆಗ ಅಪರೂಪ. ಹಿತ್ತಲಿನ ಔಟ್‌ಹೌಸನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ನಿವೃತ್ತ ಅಧಿಕಾರಿ. ಕಚೇರಿ ಬಿಟ್ಟು ವರ್ಷಗಳಾಗಿದ್ದರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಮನೆಯಲ್ಲಿಯೂ ಆಜ್ಞೆ ಹೊರಡಿಸುತ್ತಿದ್ದರು. ಅವರಿಗೂ ನನ್ನ ಬೆಕ್ಕಿಗೂ ಹಗೆ ಹುಟ್ಟಿದ್ದು ಅವರ ತಂದೆಯ ತಿಥಿಯ ದಿನ.

ತಿಥಿಯ ಕೊನೆಯಲ್ಲಿ ಕಾಗೆಗೆಂದು ಅನ್ನದ ಉಂಡೆಯೊಂದನ್ನು ಇಡುತ್ತಾರಷ್ಟೆ. ಕಾಗೆ ಮುಟ್ಟಿದರೆ ಪಿತೃಗಳು ತೃಪ್ತರು, ಮನೆಯವರು ಊಟಕ್ಕೆ ಕೂರಬಹುದು. ಮುಟ್ಟದಿದ್ದರೆ ಪಿತೃಗಳೂ ಉಪವಾಸ, ಮನೆಯವರೂ ಉಪವಾಸ. ಆ ವರ್ಷ ಕಾಂಪೌಂಡ್ ಗೋಡೆಯ ಒಂದು ತುದಿಯಲ್ಲಿ ಪಿಂಡವಿತ್ತು, ಇನ್ನೊಂದು ತುದಿಯಲ್ಲಿ ನನ್ನ ಬೆಕ್ಕು ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು. ಹೊಂಗೆ ಮರದ ಮೇಲಿದ್ದ ಕಾಗೆ ಎರಡನ್ನೂ ನೋಡಿ, ಅನ್ನಕ್ಕಿಂತ ಪ್ರಾಣವೇ ದೊಡ್ಡದೆಂದು ಹಾರಿಹೋಯಿತು. ಮಾಲೀಕರು ಎಲೆಯ ಮುಂದೆ ಕೂತಾಗ ದೀಪ ಹಚ್ಚುವ ಹೊತ್ತು. ಮಾರನೆಯ ವಾರವೇ, ಬೆಕ್ಕು ಗೋಡೆಗೆ ಇಳಿಯುತ್ತಿದ್ದ ಆ ಹೊಂಗೆ ಮರವನ್ನು ಕಡಿಸಿದರು. ಬೆಕ್ಕು ನೀರಿನ ಡ್ರಮ್ಮಿನ ಮೇಲಿಂದ ಗೋಡೆಗೆ ಹತ್ತುವುದನ್ನು ಕಲಿಯಿತು.

ಮರುವರ್ಷ ನನಗೆ ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋಗಬೇಕೆಂದು ಆರ್ಡರು ಬಂತು. ತಿಥಿಯೂ ಅದೇ ದಿನಗಳಲ್ಲಿ. ಮಾಲೀಕರು ನನ್ನನ್ನು ವರಾಂಡಕ್ಕೆ ಕರೆಸಿದರು.

"ನೋಡಿಮ್ಮಾ, ತಿಥಿ ದಿನ ಆ ಬೆಕ್ಕು ನಮ್ಮ ಕಾಂಪೌಂಡಲ್ಲಿ ಕಾಣಕೂಡದು. ನೀವಂತೂ ಊರಲ್ಲಿರಲ್ಲ. ಗೋಣಿಚೀಲಕ್ಕೆ ಹಾಕಿಸಿ ಬ್ಯಾಡರಹಳ್ಳಿ ಆಚೆ ಬಿಡಿಸಿಬಿಡ್ತೀನಿ. ಅಲ್ಲಿ ಹೊಲ ಇದೆ, ಇಲಿ ಇದೆ. ಸುಖವಾಗಿರತ್ತೆ."

"ಬೆಕ್ಕು ಹೋದ ದಿನ ನಾನೂ ಮನೆ ಖಾಲಿ ಮಾಡ್ತೀನಿ ಸಾರ್."

"ಬಹಳ ಸಂತೋಷ. ನಮ್ಮ ಅಳಿಯನ ತಮ್ಮನಿಗೆ ಮನೆ ಬೇಕಾಗಿತ್ತು."

ಈ ಅಳಿಯನ ತಮ್ಮನನ್ನು ನಾನು ನಿರೀಕ್ಷಿಸಿರಲಿಲ್ಲ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

"ಬೆಕ್ಕನ್ನು ಯಾರೂ ಮುಟ್ಟಬೇಕಾಗಿಲ್ಲ. ನೋಡ್ಕೊಳ್ಳೋದಕ್ಕೆ ಆಳು ಇಟ್ಟು ಹೋಗ್ತೀನಿ," ಅಂದೆ.

ಮಾಲೀಕರು ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು. "ಕೇಳಿದ್ಯೇನೇ? ಬೆಕ್ಕಿಗೆ ಆಳಂತೆ! ನಾಳೆ ಹಲ್ಲಿಗೆ ಅಡಿಗೆಯವನು ಬರ್ತಾನೆ!"

"ಇಟ್ಕೊಳ್ಳಲಿ ಬಿಡಿ," ಎಂದು ಒಳಗಿನಿಂದ ಉತ್ತರ ಬಂತು. "ನಿಮಗೆ ನಾನಿಲ್ವೇ?"

ಸಂಜೆಯ ಹೊತ್ತಿಗೆ ಸುದ್ದಿ ಬೀದಿಯನ್ನೆಲ್ಲ ಸುತ್ತಿತ್ತು. "ಟೀಚರ್, ನಮ್ಮನೆ ಸೊಳ್ಳೆಗಳನ್ನ ನೋಡ್ಕೊಳ್ಳೋಕೂ ಯಾರಾದ್ರೂ ಸಿಕ್ತಾರಾ?" ಎಂದು ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ವಿಚಾರಿಸಿದರು. "ಸೊಳ್ಳೆಗೆ ನೀವೇ ಇದೀರಲ್ಲ," ಅಂದೆ. ಅವರು ಸ್ವಲ್ಪ ದಿನ ಮಾತು ಬಿಟ್ಟರು. ಪೇಪರು ತಿದ್ದುವ ಮುಂಚೆ ಅಷ್ಟು ಶಾಂತಿ ಸಿಕ್ಕಿದ್ದು ಉಪಕಾರವೇ ಆಯಿತು.

ಇನ್ನು ಹುದ್ದೆಗೆ ಎಂಥವರು ಬೇಕೆಂದು ಗಂಭೀರವಾಗಿ ಯೋಚಿಸಿದೆ. ಬೆಕ್ಕನ್ನು ಪ್ರೀತಿಸುವವರು ಬೇಕಾಗಿರಲಿಲ್ಲ. ಅದರ ಪರವಾಗಿ ಜಗಳವಾಡುವವರು ಬೇಕಾಗಿತ್ತು. ಆ ಯೋಗ್ಯತೆ ಇದ್ದದ್ದು ಹೊಸಹಳ್ಳಿಯಿಂದ ಹಸು ಹೊಡೆದುಕೊಂಡು ಬಂದು, ಮನೆಮನೆಯ ಮುಂದೆ ನಿಲ್ಲಿಸಿ ಹಾಲು ಕರೆದುಕೊಡುತ್ತಿದ್ದ ಹಾಲಿನವಳಿಗೆ. ಡೈರಿಯ ಸೀಸೆ ಹಾಲನ್ನು ನಮ್ಮ ಮಾಲೀಕರು ಹೊಸ್ತಿಲು ದಾಟಿಸುತ್ತಿರಲಿಲ್ಲ. ಅವರ ಕಾಫಿ, ಮೊಸರು, ತಿಥಿಯ ಪಾಯಸ ಎಲ್ಲವೂ ಆಕೆಯ ಹಸುವಿನ ಕೆಚ್ಚಲಿನಲ್ಲಿತ್ತು. ಬೀದಿಯಲ್ಲಿ ಅವರು ದನಿ ಏರಿಸದ ಒಬ್ಬಳೇ ವ್ಯಕ್ತಿ ಆಕೆ.

"ನಂಗೆ ಬೆಕ್ಕು ಕಂಡ್ರೆ ಆಗಾಕಿಲ್ಲ ಕಣ್ರಮ್ಮಾ," ಅಂದಳು.

"ಅದಕ್ಕೂ ಯಾರನ್ನ ಕಂಡರೂ ಆಗಲ್ಲ. ಸರಿಹೋಯ್ತು. ಎರಡು ಹೊತ್ತು ಹಾಲನ್ನ ಹಾಕು. ಗೋಣಿಚೀಲ ಹಿಡ್ಕೊಂಡು ಯಾರಾದರೂ ಬಂದರೆ ಬಿಡಬೇಡ."

"ಯಾರು, ಸ್ವಾಮಿಗಳಾ? ಅವ್ರು ಚೀಲ ತಂದ್ರೆ ನಾನು ಹಸ ತಿರುಗಿಸ್ಕೊಂಡು ಹೋಯ್ತೀನಿ. ಆಮ್ಯಾಕೆ ಕಾಪಿಗೆ ಏನ್ ಬುಟ್ಕೊಂತಾರೋ ನೋಡಾವಾ."

ನಮ್ಮಲ್ಲಿ ಎಲೆ ಅಡಿಕೆ ಕೈ ಬದಲಾಯಿಸಿದ ಮೇಲೆ ಮಾತು ತಪ್ಪುವಂತಿಲ್ಲ. ಮದುವೆಯೂ ಹಾಗೆಯೇ ಗಟ್ಟಿಯಾಗುವುದು. ಹಿಂದೆ ಯುದ್ಧಕ್ಕೆ ಹೊರಟವರಿಗೂ ವೀಳ್ಯ ಕೊಡುತ್ತಿದ್ದರಂತೆ. ಮಾಲೀಕರು ವರಾಂಡದಲ್ಲಿ ಪೇಪರು ಓದುವ ಸಮಯವನ್ನೇ ನೋಡಿ, ಗೇಟಿನ ಬಳಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಹಾಲಿನವಳ ಕೈಗೆ ಕೊಟ್ಟೆ. ಆಕೆ ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ವರಾಂಡದ ಪೇಪರು ಒಂದು ಗೇಣು ಕೆಳಗಿಳಿದು ಮತ್ತೆ ಮೇಲೆ ಹೋಯಿತು.

ಮೈಸೂರಿನಲ್ಲಿ ನನ್ನ ಮನಸ್ಸೆಲ್ಲ ಗೋಣಿಚೀಲದಲ್ಲಿತ್ತು. ಆ ವರ್ಷ ಯಾರ ಪೇಪರು ನನ್ನ ಕೈಗೆ ಬಂತೋ ಆ ಮಕ್ಕಳು ಪುಣ್ಯವಂತರು. ಕೆಲಸ ಮುಗಿದದ್ದು ತಿಥಿಯ ಹಿಂದಿನ ದಿನ. ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದೆ.

ನಮ್ಮ ರಸ್ತೆಗೆ ತಿರುಗಿದಾಗ ಬಿಸಿಲು ನೆತ್ತಿ ದಾಟಿತ್ತು. ಮಾಲೀಕರು ಒದ್ದೆ ಮಡಿಪಂಚೆಯಲ್ಲಿ ಗೋಡೆಯ ಪಕ್ಕ ನಿಂತು, ಆಕಾಶಕ್ಕೆ ಮುಖವೆತ್ತಿ "ಕಾ, ಕಾ" ಎಂದು ಕರೆಯುತ್ತಿದ್ದರು. ಪಿಂಡ ಗೋಡೆಯ ಮೇಲೆ ಒಣಗುತ್ತಿತ್ತು. ಉಂಡಾಗಿದ್ದ ಪುರೋಹಿತರು ವರಾಂಡದಲ್ಲಿ ಒರಗಿದ್ದರು. ರಸ್ತೆಯ ಆಚೆ ಬದಿ, ಮೋರಿಯ ಚಪ್ಪಡಿಯ ಮೇಲೆ ಹಾಲಿನವಳು. ಹಸುವನ್ನು ಲೈಟುಕಂಬಕ್ಕೆ ಕಟ್ಟಿದ್ದಳು. ಆಕೆಯ ಮುಂದೆ ಬಿದಿರು ಬುಟ್ಟಿಯೊಂದು ಬೋರಲು, ಮೇಲೊಂದು ಕಲ್ಲು. ಬುಟ್ಟಿಯ ಒಳಗಿನಿಂದ ಲೋಕವನ್ನೆಲ್ಲ ಬೈಯುತ್ತಿದ್ದ ದನಿ ನನಗೆ ಚೆನ್ನಾಗಿ ಪರಿಚಯವಿತ್ತು.

"ಬನ್ನಿ ಟೀಚರಮ್ಮಾ," ಅಂದಳು. "ಬೆಕ್ಕು ಐತೆ. ಕಾಗೆ ಇಲ್ಲ."

ಮಾಲೀಕರು ನನ್ನನ್ನು ಕಂಡು ಗೇಟಿನವರೆಗೆ ಬಂದರು. "ಆ ಬೆಕ್ಕು ಬೀದಿಯಲ್ಲಿದೆ ಅಂತಲೇ ಕಾಗೆ ಬರ್ತಿಲ್ಲ! ಮೊದಲು ಇಲ್ಲಿಂದ ಸಾಗಿಸಿ!"

ಹಾಲಿನವಳು ಎದ್ದು ನಿಂತಳು. "ಕಾಂಪೌಂಡಲ್ಲಿ ಇರಬಾರ್ದು ಅಂದ್ರಿ, ಇಲ್ಲ. ಬುಟ್ಟಿ ಕೆಳಗಾಕಿ ಕಲ್ಲು ಹೇರಿವ್ನಿ. ಕಾಗೆ ಏನು ಬುಟ್ಟಿ ಎತ್ತಿ ನೋಡ್ತದಾ ಸ್ವಾಮೀ? ಇಲ್ಲಿ ನಮ್ಮಪ್ಪ ರಾಗಿ ಬೆಳೀತಿದ್ದಾಗ ಕಾಗೆ ಓಡ್ಸಾಕೇ ಒಂದ್ ಆಳು ಇಟ್ಟಿದ್ದ. ಈಗ ನೀವು ಕರೀತಾ ನಿಂತಿದ್ದೀರಿ."

"ಸಾರ್, ಬೆಕ್ಕು ಇಲ್ಲಿಂದ ಕದಲಲ್ಲ," ಅಂದೆ. ಟ್ರಂಕು ಇಳಿಸಿ ನಾನೂ ಚಪ್ಪಡಿಯ ಮೇಲೆ ಕೂತೆ. "ಹೋದ ಸಲ ಅದರದ್ದೇ ತಪ್ಪು ಅಂದಿರಿ. ಈ ಸಲ ಎಲ್ಲರ ಕಣ್ಣೆದುರಿಗೇ ಇದೆ. ಕಾಗೆಯನ್ನ ಯಾರು ಓಡಿಸಿದರು, ನೋಡೇಬಿಡೋಣ."

ಅಷ್ಟರಲ್ಲಿ ಮಾಲೀಕರ ಹೆಂಡತಿ ಬಾಗಿಲಿಗೆ ಬಂದರು. ಬೆಳಗಿನಿಂದ ಒಂದು ತೊಟ್ಟು ಕಾಫಿಯೂ ಇಲ್ಲದ ಮುಖ. "ಕಾಗೆ ಕೂರ್ತಿದ್ದ ಮರಾನ ಬೆಕ್ಕಿನ ಮೇಲಿನ ಸಿಟ್ಟಿಗೆ ಕಡಿಸಿದ್ರಿ. ಈಗ ಅದು ಬಂದು ಎಲ್ಲಿ ಕೂರ್ಬೇಕು, ನಿಮ್ಮ ತಲೆ ಮೇಲಾ?"

ಪುರೋಹಿತರು ಒಂದು ಕಣ್ಣು ತೆರೆದರು. "ಹಸುವಿಗೆ ಕೊಟ್ಟರೂ ಆಗತ್ತೆ," ಎಂದರು. ಈ ಮಾತನ್ನು ಅವರು ನಿದ್ದೆಗೆ ಮುಂಚೆಯೇ ಹೇಳಬಹುದಾಗಿತ್ತು.

ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇದ್ದದ್ದು ಒಂದೇ ಹಸು. ಅದರ ಹಗ್ಗ ಆಗಲೇ ಕಂಬದಿಂದ ಬಿಚ್ಚಿ ಹಾಲಿನವಳ ಕೈ ಸೇರಿತ್ತು.

"ತಿನ್ನಿಸ್ತೀನಿ ಸ್ವಾಮೀ, ಅದಕ್ಕೇನಂತೆ," ಅಂದಳು. "ಗೋಣಿಚೀಲದ ಮಾತು ಇನ್ನೊಂದ್ ಕಿತ ಬರಬಾರ್ದು. ಟೀಚರಮ್ಮನ ಮನೇನೂ ಖಾಲಿ ಆಗಬಾರ್ದು. ಎಲೆ ಅಡಿಕೆ ಈಸ್ಕೊಂಡಿವ್ನಿ."

ಮಾಲೀಕರು ಪುರೋಹಿತರನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ಹಸುವನ್ನು ನೋಡಿದರು. ಹಸು ಮಾತ್ರ ಅವರ ಕಡೆ ಸ್ವಲ್ಪ ಮರುಕದಿಂದ ನೋಡಿತು.

"ಆಯ್ತು," ಅಂದರು.

ಹಸು ಪಿಂಡವನ್ನು ಒಂದೇ ತುತ್ತಿಗೆ ಮುಗಿಸಿ, ಕೆಳಗಿದ್ದ ಎಲೆಯನ್ನೂ ತಿಂದಿತು. ಕಲ್ಲು ಇಳಿಸಿ ಬುಟ್ಟಿ ಎತ್ತಿದೆ. ಬೆಕ್ಕು ನಮ್ಮಲ್ಲಿ ಯಾರ ಮುಖವನ್ನೂ ನೋಡದೆ ರಸ್ತೆ ದಾಟಿ, ಡ್ರಮ್ಮು ಹತ್ತಿ, ಗೋಡೆಯ ಮೇಲೆ ತನ್ನ ಜಾಗದಲ್ಲಿ ಹೋಗಿ ಕೂತಿತು.

ಅಳಿಯನ ತಮ್ಮನಿಗೆ ವಿಜಯನಗರದಲ್ಲಿ ಮನೆ ಸಿಕ್ಕಿತು. ನಾನೂ ಬೆಕ್ಕೂ ಅದೇ ಔಟ್‌ಹೌಸಿನಲ್ಲಿ ಉಳಿದೆವು.