ಹಗ್ಗದ ಮೇಲಿನ ಗಿಟಾರು

ತೊಂಬತ್ತರ ದಶಕದಲ್ಲಿ, ಲಂಡನ್ನಿನ ಕ್ರೋಯ್ಡನ್ ಬಡಾವಣೆಯಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಧಾರವಾಡದ ಡಾಕ್ಟರೊಬ್ಬರಿದ್ದರು. ಮಡಿ-ಮೈಲಿಗೆಯೆಲ್ಲ ಮೂಢನಂಬಿಕೆ ಎಂದು ಊಟಕ್ಕೆ ಕರೆದು ಭಾಷಣ ಬಿಗಿಯುವಷ್ಟು ವಿಚಾರವಂತರು. ಗಿಟಾರ್ ನುಡಿಸಲು ಬಾರದಿದ್ದರೂ ಹಳೆಯದೊಂದನ್ನು ತಂದು, ಅದರ ಮರದ ಕತ್ತನ್ನು ಬಿಚ್ಚಿ, ಕಂದು ಬಣ್ಣ ಬಳಿದು, ಎಣ್ಣೆ ತಿಕ್ಕಿ, ಬಚ್ಚಲಿನ ಹಗ್ಗಕ್ಕೆ ನೇತುಹಾಕುತ್ತಿದ್ದರು. ಯಾರು ಹತ್ತಿರ ಸುಳಿದರೂ ಒಂದೇ ಮಾತು: "ಮುಟ್ಟಬ್ಯಾಡ್ರಿ, ಇನ್ನೂ ಒಣಗಿಲ್ಲ!"

ಒಮ್ಮೆ ನನ್ನ ಬೆರಳು ತಗುಲಿದ್ದಕ್ಕೆ ಎಲ್ಲವನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಮೊದಲಿನಿಂದ ಶುರುಮಾಡಿದರು. ಅವರ ಹೆಂಡತಿ, ಮಕ್ಕಳು ವಾರವಿಡೀ ಸ್ನಾನಕ್ಕೆ ನಮ್ಮ ಮನೆಗೆ ಬಂದರು.

ಆ ಬೇಸಿಗೆಯಲ್ಲಿ ಊರಿಂದ ಬಂದ ಅವರ ತಾಯಿ ತಮ್ಮ ಮಡಿಸೀರೆ ಒಣಹಾಕಲು ಅದೇ ಹಗ್ಗಕ್ಕೆ ಕೈಚಾಚಿದರು.

"ಅವ್ವಾ, ಮುಟ್ಟಬ್ಯಾಡ!" ಡಾಕ್ಟರು ಚೀರಿದರು.

ಮುದುಕಿ ಥಟ್ಟನೆ ಕೈ ಹಿಂದೆಗೆದು, ಮುಖವರಳಿಸಿ ಅಂದರು: "ಲಂಡನ್ನಿಗೆ ಬಂದಾದ್ರೂ ಮಡಿ ಕಲತ್ಯಲ್ಲೋ, ನನ್ನಪ್ಪಾ!"